ಮಗುವಿನ ಕೈಗೆ ಒಂದು ಎರೆಹುಳು ಕೊಡಿ

ಮಳೆ ಬಿದ್ದ ಮರುದಿನ ಅಂಗಳದಲ್ಲಿ ಎರೆಹುಳು ಕಂಡರೆ "ಛೀ, ಮುಟ್ಟಬೇಡ" ಅಂತ ಮಕ್ಕಳನ್ನು ಎಳೆದುಕೊಂಡು ಹೋಗಬೇಡಿ, ದಯವಿಟ್ಟು.

ಮೊದಲು ಮಗುವಿನ ಕೈ ಒದ್ದೆ ಮಾಡಿಸಿ. ಎರೆಹುಳುವಿಗೆ ಶ್ವಾಸಕೋಶ ಇಲ್ಲ, ಅದು ಉಸಿರಾಡುವುದೇ ಚರ್ಮದಿಂದ, ಚರ್ಮ ಒಣಗಿದರೆ ಸತ್ತೇ ಹೋಗುತ್ತದೆ. ಇಷ್ಟು ಹೇಳಿದರೆ ಸಾಕು, ನಾಲ್ಕು ವರ್ಷದ ಮಗುವೂ ಜೋಪಾನವಾಗಿ ಹಿಡಿಯುತ್ತದೆ. ಆಮೇಲೆ ಹುಳುವನ್ನು ಒರಟು ಕಾಗದದ ಮೇಲೆ ಬಿಟ್ಟು, ಸುಮ್ನೆ ಕಿವಿ ಹತ್ತಿರ ತಂದು ಕೇಳಲು ಹೇಳಿ. ಪರಪರ ಅಂತ ಸಣ್ಣ ಸದ್ದು! ಅದರ ಮೈಮೇಲಿನ ಗಡುಸು ಕೂದಲು ಕಾಗದಕ್ಕೆ ಉಜ್ಜುವ ಸದ್ದು ಅದು. ಅಷ್ಟು ನುಣುಪಾದ ಹುಳುವಿಗೆ ಕೂದಲಾ ಅಂತ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು.

ದೊಡ್ಡ ಗಾಜಿನ ಜಾಡಿ ಇದ್ದರೆ ಇನ್ನೂ ಒಳ್ಳೆಯದು. ಒದ್ದೆ ಮಣ್ಣು, ಮರಳು ಪದರ ಪದರವಾಗಿ ತುಂಬಿ, ಮೇಲೆ ಒಣಗಿದ ಎಲೆ ಹಾಕಿ, ಹುಳು ಬಿಟ್ಟು, ಸುತ್ತ ಕಪ್ಪು ಕಾಗದ ಸುತ್ತಿಡಿ. ಕೆಲವು ವಾರಗಳಲ್ಲಿ ಪದರಗಳೆಲ್ಲ ಕಲಸಿಹೋಗುತ್ತವೆ. ಭೂಮಿ ಉಳುವುದು ಅಂದರೆ ಏನು ಅಂತ ಬೇರೆ ಪಾಠ ಬೇಕಾ?

ಎರಡು ತುಂಡು ಮಾಡಿದರೆ ಎರಡು ಹುಳು ಆಗುತ್ತದೆ ಅನ್ನುವುದು ಸುಳ್ಳು. ಇದನ್ನು ಖಂಡಿತ ಹೇಳಿ, ಇಲ್ಲದಿದ್ದರೆ ಯಾರಾದರೂ ಕತ್ತರಿಸಿ ನೋಡಿಯಾರು.

ಕಥೆ ಬೇಕೆಂದರೆ ವಿಜ್ಞಾನಿ ಡಾರ್ವಿನ್ ಇದ್ದಾರೆ. ಎರೆಹುಳುಗಳ ಬಗ್ಗೆಯೇ 1881ರಲ್ಲಿ ಪುಸ್ತಕ ಬರೆದವರು. ಅವುಗಳ ಹತ್ತಿರ ಪಿಯಾನೋ ಜೋರಾಗಿ ನುಡಿಸಿದರೂ ಅವು ಕದಲಲಿಲ್ಲ, ಕಿವಿ ಇಲ್ಲವಲ್ಲ! ಆದರೆ ಹುಳುಗಳಿದ್ದ ಮಣ್ಣಿನ ಕುಂಡವನ್ನು ಪಿಯಾನೋ ಮೇಲೇ ಇಟ್ಟು ಒಂದು ಸ್ವರ ಒತ್ತಿದಾಗ, ಅದುರಿದ್ದು ಗೊತ್ತಾಗಿ ಬಿಲದೊಳಗೆ ಸರಕ್ಕನೆ ನುಗ್ಗಿದವು.