ಡ್ರೋನ್‌ನಲ್ಲಿ ನಾನು ಮೊದಲು ನೋಡುವುದು ಗಿಂಬಲ್

ಹವ್ಯಾಸಕ್ಕೆ ಡ್ರೋನ್ ಕೊಳ್ಳುವವರು ಮೊದಲು ವಿಚಾರಿಸುವುದು 4ಕೆ, ಅಂದರೆ ತುಂಬಾ ಸ್ಪಷ್ಟವಾದ ವಿಡಿಯೊ, ಇದೆಯಾ ಅಂತ. ನಾನು ನೋಡುವುದು ಗಿಂಬಲ್, ಅಂದರೆ ಡ್ರೋನ್ ಅಲುಗಿದರೂ ಕ್ಯಾಮೆರಾವನ್ನು ಸ್ಥಿರವಾಗಿ ಹಿಡಿಯುವ ಸಾಧನ. ಮೂರು ಅಕ್ಷದ್ದೇ ಬೇಕು, ಅಂದರೆ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವುದನ್ನೂ ಪಕ್ಕಕ್ಕೆ ವಾಲುವುದನ್ನೂ ಸರಿದೂಗಿಸುವಂಥದ್ದು. ಇಲ್ಲದಿದ್ದರೆ ಗಾಳಿ ಬೀಸಿದ ಕೂಡಲೇ ಚಿತ್ರ ಅಲುಗಾಡುತ್ತದೆ. ತೂಕ 250 ಗ್ರಾಂ ಒಳಗಿದ್ದರೆ ಎಷ್ಟೋ ದೇಶಗಳಲ್ಲಿ ನಿಯಮಗಳೂ ಸಡಿಲ.

ಜೊತೆಗೆ ಕೊಳ್ಳುವುದರಲ್ಲಿ ನನಗೆ ತುಂಬಾ ಇಷ್ಟ ಎನ್‌ಡಿ ಫಿಲ್ಟರ್, ಅಂದರೆ ಕ್ಯಾಮೆರಾಕ್ಕೆ ಬರುವ ಬೆಳಕನ್ನು ತಗ್ಗಿಸುವ ಗಾಜು. ಸೆಕೆಂಡಿಗೆ 30 ಫ್ರೇಮ್ ಇಟ್ಟಾಗ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) 1/60 ಸೆಕೆಂಡಿನ ಹತ್ತಿರ ಇದ್ದರೆ ಚಲನೆ ಸಹಜವಾಗಿ ಕಾಣುತ್ತದೆ. ಮಟಮಟ ಮಧ್ಯಾಹ್ನ ಫಿಲ್ಟರ್ ಇಲ್ಲದೆ ಹಾಗೆ ಮಾಡಿದರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಪುಟ್ಟ ಗಾಜು, ಆದರೆ ಹರಿಯುವ ನೀರು ನೀರಿನ ಹಾಗೇ ಕಾಣಬೇಕು, ಅಲ್ವಾ?

ರೆಕ್ಕೆಯ ಅಂಚಿಗೆ ಬೆರಳಾಡಿಸಿ ನೋಡಿ. ಸಣ್ಣ ಸೀಳು ಸಿಕ್ಕರೂ ಬದಲಿಸಿ. ಹಾರಿಸದ ದಿನಗಳಲ್ಲಿ ಬ್ಯಾಟರಿ ಸುಮ್ನೆ ಪೂರ್ತಿ ಚಾರ್ಜ್ ಮಾಡಿ ಇಡಬೇಡಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು.