ಮೇ ತಿಂಗಳಿನಲ್ಲಿ ಬಾಯಾರಿಕೆ ಕೇಳಿದ್ದು

ಕಲಬುರಗಿಯ ಮೇ ತಿಂಗಳಿನಲ್ಲಿ ಯಾರನ್ನಾದರೂ "ಬಹಳ ಬಾಯಾರಿಕೆಯೇ?" ಎಂದು ಕೇಳಿ ನೋಡಿ, ನಗುತ್ತಾರೆ. ನಾನು ಕೇಳಿದೆ. ಆಳಂದ ಕಡೆಯಿಂದ ಬಂದಿದ್ದ ಆ ಅವ್ವ ನಕ್ಕರು. "ಈ ಬಿಸಿಲಿಗೆ ಎತ್ತುಗಳೇ ಬಾಯಿ ಬಿಡುತ್ತಿವೆ, ನನ್ನದೇನು ಕೇಳುತ್ತೀ ತಂಗಿ?" ನಾನೂ ನಕ್ಕೆ. ಶುಗರ್ ಇದೆಯೇ ಎಂದರೆ ಇಲ್ಲ ಎಂದರು. ಕೇಸ್ ಪೇಪರಿನಲ್ಲಿ 'ಇಲ್ಲ' ಎಂದು ಬರೆದು ಕೆಲಸ ಶುರುಮಾಡಿದೆ.

ನಾನು ಡೆಂಟಲ್ ಹೈಜೀನಿಸ್ಟ್. ಎರಡು ವರ್ಷದ ಡಿಪ್ಲೊಮಾ ಮುಗಿಸಿ, ದಂತವೈದ್ಯರ ಕೈಕೆಳಗೆ ಹಲ್ಲು ಸ್ವಚ್ಛ ಮಾಡುವವಳು. ರೋಗಿಗಳ ಬಾಯಲ್ಲಿ ನಾನು 'ಹಲ್ಲು ತೊಳೆಯುವ ಸಿಸ್ಟರ್'. ಡಾಕ್ಟರು ಒಂದು ಹಲ್ಲನ್ನು ನೋಡುವ ಹೊತ್ತಿನಲ್ಲಿ ನಾನು ಇಡೀ ಬಾಯಿ ಸುತ್ತಿ ಬಂದಿರುತ್ತೇನೆ. ಆದ್ದರಿಂದ ಆ ದಿನದ ತಪ್ಪಿಗೆ ನೆಪ ಹೇಳಲಾರೆ.

ಹಲ್ಲಿಗೂ ಒಸಡಿಗೂ ನಡುವಿನ ಸಂದಿಗೆ ಗುರುತು ಹಾಕಿದ ಪ್ರೋಬ್ ಇಳಿಸಿ ಆಳ ನೋಡುತ್ತೇವೆ. ಮೂರು ಮಿಲಿಮೀಟರಿನವರೆಗೆ ಚಿಂತೆಯಿಲ್ಲ. ಅವ್ವನಿಗೆ ಹಲವು ಕಡೆ ಆರು, ಏಳು. ಮೂರು ಜಾಗದಲ್ಲಿ ಕೀವಿನ ಗಂಟು. ಕೆಳಗಿನ ಮುಂದಿನ ಹಲ್ಲುಗಳು ಬೆರಳು ತಾಗಿದರೆ ಅಲುಗುತ್ತಿದ್ದವು. ವಿಚಿತ್ರವೆಂದರೆ ಅಷ್ಟು ಹಾಳಾಗುವಷ್ಟು ಕೊಳೆ ಆ ಬಾಯಲ್ಲಿ ಇರಲಿಲ್ಲ. ಕಲ್ಲುಗಟ್ಟಿದ ಪಾಚಿ ಸಾಧಾರಣ, ದಿನಾ ಬೇವಿನ ಕಡ್ಡಿ ಹಾಕಿ ಉಜ್ಜುವವರು. ಕೊಳೆ ಕಡಿಮೆ, ಕೀವು ಹೆಚ್ಚು ಎಂದರೆ ಮೈಯೊಳಗೆ ಬೇರೇನೋ ನಡೆದಿದೆ ಎಂದು ಓದುವಾಗ ಕಲಿತದ್ದೇ. ಆಗ ನೆನಪಾಗಲಿಲ್ಲ.

ಹತ್ತು ದಿನ ಬಿಟ್ಟು ಬಂದಾಗ ನಾಲ್ಕನೆಯ ಗಂಟು ಎದ್ದಿತ್ತು. ಈ ಸಲ ಜೊತೆಗೆ ಸೊಸೆ ಬಂದಿದ್ದಳು. "ಅತ್ತೆಗೆ ದಿಂಬಿನ ಹತ್ತಿರ ತಂಬಿಗೆ ನೀರು ಬೇಕೇ ಬೇಕು ಅಕ್ಕಾ. ರಾತ್ರಿ ನಾಲ್ಕು ಸಲ ಏಳುತ್ತಾರೆ. ಎಳ್ಳಮಾವಾಸ್ಯೆಯ ಚಳಿಯಲ್ಲೂ ಹೀಗೆಯೇ ಇತ್ತು." ಡಾಕ್ಟರು ಬೆರಳು ಚುಚ್ಚಿ ನೋಡಿದರು: 342. ಅವ್ವ ಸುಳ್ಳು ಹೇಳಿರಲಿಲ್ಲ. ಎಂದೂ ರಕ್ತ ಪರೀಕ್ಷೆ ಮಾಡಿಸದವರಿಗೆ ಶುಗರ್ ಇಲ್ಲವೆಂದೇ ಲೆಕ್ಕ.

ಸಕ್ಕರೆ ಏರಿದಾಗ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಸೋಲುತ್ತವೆ, ಗಾಯ ಬೇಗ ಮಾಯುವುದಿಲ್ಲ, ಒಸಡು ಕೆಡುತ್ತದೆ. ಕೆಟ್ಟ ಒಸಡಿನ ಉರಿಯೂತ ತಿರುಗಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಒಸಡಿನೊಳಗೆ ಹಲ್ಲಿನ ಬೇರಿನವರೆಗೆ ಶುಚಿ ಮಾಡಿದರೆ 'ಮೂರು ತಿಂಗಳ ಶುಗರ್' (HbA1c ಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2022ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಗುಳಿಗೆ ಬಿಡುವಷ್ಟಲ್ಲ, ಆದರೆ ಹಲ್ಲಿನ ಕಲ್ಲು ಕೆರೆಯುವ ನನ್ನ ಸ್ಕೇಲರಿಗೆ ಅದು ಕಡಿಮೆ ಮರ್ಯಾದೆಯಲ್ಲ.

ಅಂದಿನಿಂದ ನಾನು ಕೇಳುವುದು, "ಬೇಸಿಗೆಗೆ ಮೊದಲೂ ರಾತ್ರಿ ನೀರಿಗೆ ಏಳುತ್ತಿದ್ದಿರಾ?"

ಇನ್ನೊಂದು ಪ್ರಶ್ನೆಯನ್ನು ಬದಲಿಸಿದವರು ಒಬ್ಬ ಕಾಕಾ. ಒಸಡು ಉಬ್ಬಿ ಹಲ್ಲಿನ ಅರ್ಧ ಮುಚ್ಚಿತ್ತು. "ಬ್ರಷ್ ಮುಟ್ಟುತ್ತೀರೋ ಇಲ್ಲವೋ?" ಎಂದು ಎಲ್ಲರೆದುರೇ ಗದರಿಸಿದೆ. ಅವರು ತಲೆ ತಗ್ಗಿಸಿ, ಕರವಸ್ತ್ರ ತೆಗೆಯಲು ಅಂಗಿಯ ಜೇಬಿಗೆ ಕೈ ಹಾಕಿದಾಗ ಬಸ್ಸಿನ ಟಿಕೆಟಿನ ಜೊತೆ ಒಂದು ಸ್ಟ್ರಿಪ್ ಹೊರಬಿತ್ತು. ಆಮ್ಲೊಡಿಪಿನ್, ಬಿ.ಪಿ.ಯ ಗುಳಿಗೆ. ಬಿ.ಪಿ. ಇಲ್ಲ ಎಂದಿದ್ದಿರಲ್ಲ ಎಂದರೆ, "ಗುಳಿಗೆ ತೆಗೆದುಕೊಂಡ ಮೇಲೆ ಬಿ.ಪಿ. ಎಲ್ಲಿಯದು?" ನ್ಯಾಯವಾದ ಮಾತೇ. ಆ ಗುಳಿಗೆ ಕೆಲವರಲ್ಲಿ ಒಸಡು ಬೆಳೆಸುತ್ತದೆ. ಫಿಟ್ಸಿಗೆ ಕೊಡುವ ಫೆನಿಟಾಯಿನ್ ಕೂಡ. ನಿಲ್ಲಿಸಿ ಎಂದು ಹೇಳುವ ಅಧಿಕಾರ ನನಗಿಲ್ಲ, ಹೇಳಲೂಬಾರದು. ನಮ್ಮ ಡಾಕ್ಟರು ಅವರ ವೈದ್ಯರಿಗೆ ಫೋನ್ ಮಾಡಿದರು, ಗುಳಿಗೆ ಬದಲಾಯಿತು, ಕೆಲವು ತಿಂಗಳಲ್ಲಿ ಒಸಡು ಕುಗ್ಗಿತು. ನಾನು ಕ್ಷಮೆ ಕೇಳಿದ್ದು ಮಾತ್ರ ಯಾರೂ ಇಲ್ಲದಾಗ. ಈಗ ರೋಗದ ಹೆಸರು ಹಿಡಿದು ಕೇಳುವುದಿಲ್ಲ, "ದಿನಾ ಏನು ನುಂಗುತ್ತೀರಿ, ತೋರಿಸಿ" ಎನ್ನುತ್ತೇನೆ.

ಹಲ್ಲು ಸ್ವಚ್ಛವಿದ್ದರೆ ಹೃದಯಾಘಾತವೇ ಆಗುವುದಿಲ್ಲ ಎಂದು ಹೇಳಿ ರೋಗಿಗಳನ್ನು ಕರೆಯುವವರು ನಮ್ಮಲ್ಲಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಒಸಡಿನ ರೋಗಕ್ಕೂ ಹೃದಯದ ರೋಗಕ್ಕೂ ನಂಟು ಕಾಣುತ್ತದೆ, ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಬೀತಾಗಿಲ್ಲ ಎಂದು ಅಮೆರಿಕದ ಹೃದಯ ಸಂಘ 2012ರಲ್ಲಿಯೇ ಹೇಳಿದೆ. ಕೃತಕ ಕವಾಟ ಹಾಕಿಸಿಕೊಂಡವರ ಮಾತು ಬೇರೆ. ಒಸಡಿನ ರಕ್ತದಿಂದ ಹೋದ ಬ್ಯಾಕ್ಟೀರಿಯಾ ಅಲ್ಲಿ ಬೀಡುಬಿಡಬಹುದು. ಅಂಥವರಿಗೆ ಡಾಕ್ಟರು ಆಂಟಿಬಯಾಟಿಕ್ ಕೊಡುವ ತನಕ ನಾನು ಉಪಕರಣ ಎತ್ತುವುದಿಲ್ಲ.

ಅವ್ವ ಡಿಸೆಂಬರಿನಲ್ಲಿ ಮತ್ತೆ ಬಂದರು. ಒಂದು ಹಲ್ಲು ಹೋಗಿದೆ, ಉಳಿದವು ಗಟ್ಟಿಯಾಗಿವೆ. ಕುರ್ಚಿ ಹತ್ತುವ ಮೊದಲೇ ಎಲೆ-ಅಡಿಕೆಯ ಸಂಚಿ ಬಿಚ್ಚಿ, ಸುಣ್ಣ ಮೆತ್ತಿದ ಗುಳಿಗೆಯ ಸ್ಟ್ರಿಪ್ಪುಗಳನ್ನು ತೆಗೆದು, "ನೋಡು ತಂಗಿ, ಕೇಳುವ ಮೊದಲೇ ತೋರಿಸುತ್ತಿದ್ದೇನೆ" ಎಂದು ನನ್ನ ಟ್ರೇಯಲ್ಲಿ, ಆಗಷ್ಟೇ ಬಿಚ್ಚಿಟ್ಟ ಉಪಕರಣಗಳ ಮೇಲೆ ಸುರಿದರು. ಇಡೀ ಸೆಟ್ಟನ್ನು ಮತ್ತೆ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹಾಕಬೇಕಾಯಿತು.