ಭುಜಕ್ಕೊಂದು ಉರಿ, ಪಕ್ಕೆಲುಬಿಗೊಂದು ಉರಿ

ಕುರಿಮರಿಯ ಮಾಂಸದ ಎಲ್ಲ ಭಾಗಗಳನ್ನೂ ಬೆರೆಸಿ, ಒಂದೇ ಪಾತ್ರೆಯಲ್ಲಿ ಒಂದೇ ಉರಿಯ ಮೇಲೆ ಬೇಯಿಸುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದಾಗ ಬೆನ್ನಿನ ಎಳೆಯ ತುಂಡು ಒಣಗಿ ಹಿಟ್ಟಾಗುವ ಹೊತ್ತಿಗೂ ಕತ್ತಿನ ತುಂಡು ಹಲ್ಲಿಗೆ ಬಗ್ಗದೆ ಉಳಿದಿರುತ್ತದೆ. ಉಣ್ಣಲು ಕುಳಿತವರು ಮಾಂಸವೇ ಚೆನ್ನಾಗಿರಲಿಲ್ಲ ಎಂದು ಎದ್ದು ಹೋಗುತ್ತಾರೆ. ಒಂದು ಭಾನುವಾರ ಅಕ್ಕನೂ ನಾನೂ ಸೇರಿ ಒಂದೊಂದು ಭಾಗವನ್ನೂ ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ ಬೇಯಿಸಿದೆವು. ಬೆಳಗಿನಿಂದ ಮಧ್ಯಾಹ್ನದವರೆಗೆ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ.

ಇಷ್ಟೆಲ್ಲ ಮಾಡಿದ್ದು ಅಪ್ಪನಿಗಾಗಿ. ದವಡೆ ಹಲ್ಲುಗಳನ್ನು ಕೀಳಿಸಿಕೊಂಡ ಮೇಲೆ ಅವರು ಮಾಂಸದ ಕಡೆ ನೋಡುವುದನ್ನೇ ಬಿಟ್ಟಿದ್ದರು. "ಇನ್ನು ಅದರ ಋಣ ತೀರಿತಮ್ಮ, ನೀವು ಉಣ್ಣಿ" ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಜೀವಮಾನವೆಲ್ಲ ಇಷ್ಟಪಟ್ಟು ತಿಂದವರು ಹಾಗೆ ಹೇಳುವಾಗ ಕೇಳಿಸಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಅಕ್ಕ ಅರ್ಧ ಮರಿಯ ಮಾಂಸ ತಂದಳು. ಒಂದು ವರ್ಷ ತುಂಬದ ಕುರಿಯದ್ದು ಎಂದು ಹೇಳಿ ಕೊಟ್ಟಿದ್ದರಂತೆ. ನಾನು ಮೊದಲು ನೋಡಿದ್ದು ಮೂಳೆಯ ತುದಿಯನ್ನು. ಎಳೆಯ ಕುರಿಯ ಮೂಳೆ ಕಡಿದ ಜಾಗದಲ್ಲಿ ಕೆಂಪಾಗಿ, ತೇವವಾಗಿ, ಸಣ್ಣ ರಂಧ್ರಗಳಿಂದ ಕೂಡಿರುತ್ತದೆ. ಬಲಿತ ಕುರಿಯದ್ದು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಮಾಂಸದ ಬಣ್ಣ ತಿಳಿಗೆಂಪು, ಕೊಬ್ಬು ಅಚ್ಚ ಬಿಳುಪು. ಮಾತು ನಿಜವಾಗಿತ್ತು. ಸಣ್ಣ ತುಂಡು ಮಾಡಿಸಬೇಡ ಎಂದು ಅಕ್ಕನಿಗೆ ಮೊದಲೇ ಹೇಳಿದ್ದರಿಂದ ಭುಜ, ತೊಡೆ, ಕತ್ತು, ಪಕ್ಕೆಲುಬು, ಮುಂಗಾಲಿನ ಕೆಳತುಂಡು ಎಲ್ಲವೂ ಇಡಿಯಾಗಿಯೇ ಬಂದಿದ್ದವು.

ಮಾಂಸ ತಂದದ್ದು ಹಿಂದಿನ ದಿನ. ಕಡಿದ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಬಿಗಿದುಕೊಳ್ಳುತ್ತವೆ; ಆ ಬಿಗುವು ಸಡಿಲಗೊಳ್ಳಲು ತಂಪಿನಲ್ಲಿ ಒಂದು ದಿನವಾದರೂ ಬೇಕು. ತಂದ ಕೂಡಲೇ ಫ್ರೀಜರ್‌ಗೆ ತಳ್ಳುವುದೂ ಒಳ್ಳೆಯದಲ್ಲ. ಬಿಗಿಯುವ ಮೊದಲೇ ಥಟ್ಟನೆ ತಣ್ಣಗಾದರೆ ಸ್ನಾಯುಗಳು ಇನ್ನಷ್ಟು ಕುಗ್ಗುತ್ತವೆ, ಆಮೇಲೆ ಎಷ್ಟು ಬೇಯಿಸಿದರೂ ಆ ಗಡಸುತನ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಫ್ರಿಜ್‌ನ ಕೆಳಗಿನ ಅರೆಯಲ್ಲಿ, 4 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟೆ. ರಾತ್ರಿ ಮಲಗುವ ಮೊದಲು ಭುಜದ ತುಂಡಿಗೆ ಉಪ್ಪು ಸವರಿದೆ. ಉಪ್ಪು ಮೊದಲು ಮಾಂಸದಿಂದ ನೀರನ್ನು ಹೊರಗೆಳೆಯುತ್ತದೆ. ಅರ್ಧ ಗಂಟೆಯಲ್ಲಿ ಮೇಲ್ಮೈ ಬೆವರಿತ್ತು. ಆ ನೀರಿನಲ್ಲಿ ಕರಗಿದ ಉಪ್ಪು ರಾತ್ರಿಯಿಡೀ ಮೆಲ್ಲಗೆ ಒಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಮುಟ್ಟಿದಾಗ ಮೇಲ್ಮೈ ಒಣಗಿ, ಬಣ್ಣ ಕೊಂಚ ಗಾಢವಾಗಿತ್ತು. ಹುರಿಯಲು ನನಗೆ ಬೇಕಾಗಿದ್ದ ಹದವೂ ಅದೇ.

ಅಕ್ಕನ ಮಗಳಿಗೆ ಕುರಿಯ ವಾಸನೆ ಆಗದು. ಹತ್ತು ನೀರಿನಲ್ಲಿ ತೊಳೆ ಎಂದು ಚಿಕ್ಕಮ್ಮನಾದ ನನಗೇ ಬುದ್ಧಿ ಹೇಳಿದಳು. ಎಷ್ಟು ತೊಳೆದರೂ ಅದು ಹೋಗುವ ವಾಸನೆಯಲ್ಲ. ಅದು ಇರುವುದು ಕೊಬ್ಬಿನಲ್ಲಿ. ಕುರಿಯ ಕೊಬ್ಬಿನಲ್ಲಿರುವ ಕೆಲವು ಆಮ್ಲಗಳಿಂದ ಬರುವ ವಾಸನೆ, ವಯಸ್ಸಾದಷ್ಟೂ ಹೆಚ್ಚುತ್ತದೆ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಮೇಲಾಗಿ ಹಸಿ ಮಾಂಸವನ್ನು ನಲ್ಲಿಯ ಕೆಳಗೆ ತೊಳೆದರೆ ಹನಿ ಸಿಡಿದು ಸುತ್ತಲಿನ ಪಾತ್ರೆಗಳಿಗೂ ಸೋಂಕು ತಗಲುತ್ತದೆ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೊರಗಿನ ದಪ್ಪ ಕೊಬ್ಬನ್ನೂ ಕಾಗದದ ಹಾಗೆ ಅಂಟಿಕೊಂಡಿದ್ದ ಪೊರೆಯನ್ನೂ ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆದೆ. ಎಲ್ಲವನ್ನೂ ತೆಗೆಯಲಿಲ್ಲ. ಕೊಬ್ಬೇ ಇಲ್ಲದ ಕುರಿಮಾಂಸಕ್ಕೆ ತನ್ನದೆಂಬ ರುಚಿಯೇ ಇರುವುದಿಲ್ಲ, ಅಂಥದ್ದನ್ನು ಬೇಯಿಸುವ ಶ್ರಮವೂ ವ್ಯರ್ಥ.

ಮೊದಲು ಒಲೆ ಏರಿದ್ದು ಕತ್ತಿನ ಮೂಳೆಗಳ ಸಾರು. ಮೂಳೆಗಳನ್ನು ಓವನ್‌ನಲ್ಲಿ ಕೆಂಪಗೆ ಹುರಿದು, ತಣ್ಣೀರು ಹಾಕಿ, ಸಣ್ಣ ಉರಿಯಲ್ಲಿಟ್ಟೆ. ಮೇಲೆ ಬಂದ ನೊರೆಯನ್ನು ಸೌಟಿನಿಂದ ತೆಗೆಯುತ್ತಾ ಇರಬೇಕು, ಕುದಿಯಲು ಬಿಡಬಾರದು. ಕುದಿದರೆ ಕೊಬ್ಬು ಚೂರಾಗಿ ನೀರಿನೊಳಗೆ ಬೆರೆತು ಸಾರು ರಾಡಿಯಾಗುತ್ತದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು.

ಆಮೇಲೆ ಭುಜ. ಇಡೀ ಮರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ತೊಡೆಯನ್ನು ಹೊಗಳುವವರೊಂದಿಗೆ ನಾನು ಎಷ್ಟು ಹೊತ್ತು ಬೇಕಾದರೂ ವಾದಿಸುತ್ತೇನೆ. ಮರಿ ನಡೆಯುವಾಗ, ಮೇಯುವಾಗ, ಕೆಳಗೆ ಬಾಗುವಾಗ ಭುಜಕ್ಕೆ ಬಿಡುವೇ ಇರುವುದಿಲ್ಲ. ದುಡಿದ ಸ್ನಾಯುವಿನಲ್ಲಿ ರುಚಿ ಹೆಚ್ಚು, ಕೊಬ್ಬು ಎಳೆ ಎಳೆಯಾಗಿ ಒಳಗೆ ಹರಡಿರುತ್ತದೆ. ಸ್ನಾಯುಗಳನ್ನು ಕಟ್ಟಿಹಿಡಿಯುವ ಅಂಗಾಂಶವೂ ಅಷ್ಟೇ ಹೆಚ್ಚು. ಅದನ್ನು ಕರಗಿಸುವುದೇ ಅಡುಗೆಯವರ ಕೆಲಸ.

ದಪ್ಪ ತಳದ ಪಾತ್ರೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಬಿಟ್ಟು, ಒರೆಸಿ ಒಣಗಿಸಿದ ಭುಜವನ್ನು ಇಳಿಸಿದೆ. ಚರ್ ಎಂಬ ಸದ್ದು ಜೋರಾಗಿ ಎದ್ದು ಅದೇ ಮಟ್ಟದಲ್ಲಿ ನಿಂತಿತು. ಆ ಸದ್ದು ಮಂಕಾಗಿ ಗೊಳಗೊಳ ಎನ್ನತೊಡಗಿದರೆ ಮಾಂಸ ತನ್ನದೇ ನೀರಿನಲ್ಲಿ ಬೇಯುತ್ತಿದೆ ಎಂದು ತಿಳಿಯಬೇಕು. ನೀರು ಇರುವತನಕ ಕಾವು 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗಲು ಸುಮಾರು 140 ಡಿಗ್ರಿಯಾದರೂ ಬೇಕು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು: ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಯ ಅಂಶವೂ ಬಿಸಿಗೆ ಸೇರಿ ಹೊಸ ಬಣ್ಣ, ಹೊಸ ಪರಿಮಳ ಹುಟ್ಟುತ್ತದೆ. ಅಕ್ಕ ಪದೇ ಪದೇ ಸೌಟು ಹಾಕಿ ಕೆದಕಲು ಬಂದಳು. ತಳಕ್ಕೆ ಕಚ್ಚಿಕೊಂಡಿದೆಯಲ್ಲ ಎಂಬುದು ಅವಳ ಆತಂಕ. ತಳಭಾಗ ಕೆಂಪಗಾದ ಕೂಡಲೇ ಮಾಂಸ ತಾನಾಗಿ ಪಾತ್ರೆಯನ್ನು ಬಿಡುತ್ತದೆ. ಬಿಟ್ಟಿತು. ಮಗುಚಿದಾಗ ಕಂದುಬಣ್ಣದ ಹೊರಪದರ ಅಂಚಿನವರೆಗೂ ಒಂದೇ ಸಮ ಹರಡಿಕೊಂಡಿತ್ತು.

ಅದನ್ನು ತೆಗೆದಿಟ್ಟು ಅದೇ ಕೊಬ್ಬಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು ಬಾಡಿಸಿ, ಎರಡು ಟೊಮೆಟೊ ಹಿಸುಕಿ ಹಾಕಿ, ಒಲೆಯ ಮೇಲಿದ್ದ ಸಾರಿನಿಂದ ಎರಡು ಸೌಟು ಎತ್ತಿ ಸುರಿದೆ. ತಳದಲ್ಲಿ ಅಂಟಿದ ಕಂದು ಪದರವನ್ನೆಲ್ಲ ಮರದ ಸೌಟಿನಿಂದ ಕೆರೆದು ಬೆರೆಸಿದೆ. ಅಡುಗೆಯ ಸಾರವೆಲ್ಲ ಅಲ್ಲೇ ಕೂತಿರುತ್ತದೆ. ಭುಜ ಮೂರನೆಯ ಒಂದು ಭಾಗ ಮುಳುಗುವಷ್ಟು ರಸ, ಬಿಗಿಯಾದ ಮುಚ್ಚಳ, 150 ಡಿಗ್ರಿಯ ಓವನ್. ಓವನ್ ಇಲ್ಲದಿದ್ದರೆ ಒಲೆಯ ಅತಿ ಸಣ್ಣ ಉರಿಯೂ ನಡೆಯುತ್ತದೆ, ಆಗಾಗ ಮಗುಚಿ ನೋಡಬೇಕಷ್ಟೆ.

ಒಂದೂವರೆ ಗಂಟೆ ಕಳೆದ ಮೇಲೆ ಅಕ್ಕ ಮುಚ್ಚಳ ತೆಗೆದು ಫೋರ್ಕ್ ಚುಚ್ಚಿದಳು. ಒಳಗೆ ಇಳಿಯಲೇ ಇಲ್ಲ. "ಮೊದಲಿಗಿಂತ ಗಟ್ಟಿಯಾಗಿದೆಯಲ್ಲೇ! ಅಪ್ಪನ ಹಲ್ಲಿಗೆ ಇದು ಆಗುವ ಮಾತಲ್ಲ, ಕುಕ್ಕರಿಗೆ ಹಾಕಿಬಿಡೋಣ" ಎಂದಳು.

ಅವಳು ಹೇಳಿದ್ದರಲ್ಲಿ ಅರ್ಧ ನಿಜ. ಆ ಹೊತ್ತಿಗೆ ಮಾಂಸ ನಿಜಕ್ಕೂ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಬಿಸಿಗೆ ಸ್ನಾಯುವಿನ ಎಳೆಗಳು ಕುಗ್ಗಿ ಒಳಗಿನ ನೀರನ್ನು ಹಿಂಡಿ ಹಾಕಿರುತ್ತವೆ, ಅವುಗಳನ್ನು ಕಟ್ಟಿಹಾಕಿರುವ ಕೊಲಾಜೆನ್ ಮಾತ್ರ ಇನ್ನೂ ಕರಗಿರುವುದಿಲ್ಲ. ಮಾಂಸದ ಒಳಗಿನ ಕಾವು 70 ಡಿಗ್ರಿ ದಾಟಿದ ಮೇಲೆ ಅದು ಜೆಲಾಟಿನ್ ಆಗಿ ಕರಗುವ ಕೆಲಸ ವೇಗ ಪಡೆಯುತ್ತದೆ, ಆಗಲೂ ಗಂಟೆಗಟ್ಟಲೆ ಬೇಕು. ಎಷ್ಟೋ ಮಂದಿ ಕೈಬಿಡುವುದು ಈ ಘಟ್ಟದಲ್ಲೇ. ಬೆಂದಿಲ್ಲ ಎಂದು ಉರಿ ಜೋರು ಮಾಡುತ್ತಾರೆ, ಇಲ್ಲವೇ ಬೆಂದದ್ದು ಸಾಕೆಂದು ಇಳಿಸಿಬಿಡುತ್ತಾರೆ. ಕುಕ್ಕರಿನ ಬಗ್ಗೆ ನನಗೆ ತಾತ್ಸಾರವಿಲ್ಲ. ಒತ್ತಡದಿಂದ ಒಳಗೆ 120 ಡಿಗ್ರಿಯ ಹತ್ತಿರ ಕಾವು ಏರುವುದರಿಂದ ಅದೇ ಕೆಲಸ ಬೇಗ ಮುಗಿಯುತ್ತದೆ, ಕೆಲಸದ ದಿನಗಳಲ್ಲಿ ನಾನೂ ಅದನ್ನೇ ನೆಚ್ಚುತ್ತೇನೆ. ಆದರೆ ಅದರೊಳಗೆ ರಸ ಬತ್ತಿ ದಟ್ಟವಾಗುವುದಿಲ್ಲ, ಮೇಲಿನ ಕಂದು ಪದರವೂ ನೆಂದು ಹೋಗುತ್ತದೆ, ನಡುವೆ ತೆರೆದು ಹದ ನೋಡುವಂತಿಲ್ಲ. "ಇನ್ನೆರಡು ಗಂಟೆ ಅದರ ಸುದ್ದಿಗೆ ಹೋಗಬೇಡ ಅಕ್ಕ" ಎಂದೆ. ಅವಳು ಮುಖ ಗಂಟಿಕ್ಕಿಕೊಂಡೇ ಮುಚ್ಚಳ ಮುಚ್ಚಿದಳು.

ಆ ಎರಡು ಗಂಟೆಯಲ್ಲಿ ಖೀಮಾ ಮಾಡಿದೆವು. ತೊಡೆಯಿಂದ ಒಂದು ಭಾಗ ಬಿಡಿಸಿ ಅಕ್ಕ ಚಾಕುವಿನಿಂದಲೇ ಕೊಚ್ಚಿದಳು. ಅವಳ ಕೈಯಲ್ಲಿ ಅದು ಯಂತ್ರದ್ದಕ್ಕಿಂತ ಚೆಂದ, ಹಿಸುಕಿ ಮುದ್ದೆಯಾಗುವುದಿಲ್ಲ. ಅಗಲ ಬಾಣಲೆಯಲ್ಲಿ ನೀರು ಬಿಟ್ಟುಕೊಂಡು, ಅದು ಇಂಗಿ, ಕೊನೆಗೆ ಕೊಬ್ಬು ಬೇರೆಯಾಗಿ ಚಟಪಟ ಎನ್ನುವವರೆಗೆ ಕೈಯಾಡಿಸಿದಳು.

ಚಾಪ್ಸ್ ಕೊನೆಯ ಕೆಲಸ. ಎಲ್ಲರೂ ಕೈ ತೊಳೆದು ಕುಳಿತ ಮೇಲೆಯೇ ಅದನ್ನು ಒಲೆಗೆ ಹಾಕಬೇಕು. ಪಕ್ಕೆಲುಬಿನ ಪಕ್ಕದ ಆ ಬೆನ್ನಿನ ಸ್ನಾಯು ಹೆಚ್ಚು ದುಡಿದದ್ದಲ್ಲ, ಅದರಲ್ಲಿ ಕರಗಿಸುವಂಥದ್ದು ಏನೂ ಇಲ್ಲ. ಹೆಚ್ಚು ಬೇಯಿಸಿದಷ್ಟೂ ಅದಕ್ಕೆ ನಷ್ಟ. ಮೊದಲು ಕೊಬ್ಬಿನ ಅಂಚನ್ನು ಕಾವಲಿಗೆ ಒತ್ತಿ ಹಿಡಿದು ಕರಗಿಸಿ, ಆ ಕೊಬ್ಬಿನಲ್ಲೇ ಒಂದೊಂದು ಬದಿಗೆ ಮೂರು ನಿಮಿಷ. ಕತ್ತರಿಸಿ ನೋಡಿದ ಅಕ್ಕ "ರಕ್ತ ಇನ್ನೂ ಇದೆ" ಎಂದು ಹಿಂದೆ ಸರಿದಳು. ಅದು ರಕ್ತವಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಬೆರೆತ ನೀರು. ಆದರೂ ಮಗು, ವಯಸ್ಸಾದವರು ಉಣ್ಣುವ ಊಟವಾದ್ದರಿಂದ ಥರ್ಮಾಮೀಟರ್ ಚುಚ್ಚಿ 63 ಡಿಗ್ರಿ ಆದ ಮೇಲೆಯೇ ಇಳಿಸಿದೆ. ಅಮೆರಿಕದ ಕೃಷಿ ಇಲಾಖೆ ಇಡಿ ತುಂಡುಗಳಿಗೆ ಹೇಳುವುದು 63 ಡಿಗ್ರಿ ಮತ್ತು ಇಳಿಸಿದ ಮೇಲೆ ಮೂರು ನಿಮಿಷದ ಬಿಡುವು. ಖೀಮಾಕ್ಕೆ 71 ಡಿಗ್ರಿ. ಕೊಚ್ಚಿದಾಗ ಹೊರಮೈಯ ಸೂಕ್ಷ್ಮಜೀವಿಗಳು ಒಳಗೆಲ್ಲ ಬೆರೆಯುವುದರಿಂದ ಅಲ್ಲಿ ರಿಯಾಯಿತಿ ತೋರುವಂತಿಲ್ಲ.

ತಟ್ಟೆಗಳನ್ನು ಬಿಸಿನೀರಿನಲ್ಲಿ ಮುಳುಗಿಸಿ ಒರೆಸಿ ಇಟ್ಟಿದ್ದೆ. ಕುರಿಯ ಕೊಬ್ಬು ಕೋಳಿಯ ಕೊಬ್ಬಿಗಿಂತ ಬೇಗ ಹೆಪ್ಪುಗಟ್ಟುತ್ತದೆ, ತಣ್ಣನೆಯ ತಟ್ಟೆಗೆ ಬಡಿಸಿದರೆ ನಾಲ್ಕು ತುತ್ತಿನಲ್ಲಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಒಳ್ಳೆಯ ಅಡುಗೆಯೂ ಈ ಒಂದು ಕಾರಣಕ್ಕೆ ಕೆಡುವುದನ್ನು ನೋಡಿದ್ದೇನೆ.

ಮೂರೂವರೆ ಗಂಟೆಯ ನಂತರ ಓವನ್‌ನಿಂದ ತೆಗೆದ ಭುಜದಲ್ಲಿ ಅಗಲವಾದ ಹೆಗಲ ಮೂಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದೆ. ಒಂದು ಎಳೆ ಮಾಂಸವೂ ಅಂಟದೆ ಹೊರಬಂತು. ಅಕ್ಕ ಏನೂ ಹೇಳಲಿಲ್ಲ. ಚಮಚ ತೆಗೆದುಕೊಂಡು ಅಂಚಿನಿಂದ ಒಂದು ತುತ್ತು ಒತ್ತಿ ತೆಗೆದು, ರಸದಲ್ಲಿ ಅದ್ದಿ, ನೇರ ಅಪ್ಪನ ತಟ್ಟೆಗೆ ಹಾಕಿದಳು. ರಸ ತುಟಿಗೆ ಅಂಟುವಷ್ಟು ದಟ್ಟವಾಗಿತ್ತು. ಕರಗಿದ ಕೊಲಾಜೆನ್ ಹೋಗಿ ಸೇರಿದ್ದು ಅಲ್ಲಿಗೇ.

ಅಪ್ಪ ನಿಧಾನವಾಗಿ ತಿಂದರು. "ಹಲ್ಲಿಗೆ ಕೆಲಸವೇ ಇಲ್ಲವಲ್ಲಮ್ಮ" ಎಂದರು. ಮತ್ತೆ ಬಡಿಸಿಕೊಂಡರು. ಆಮೇಲೆ ನಾವು ಎಣಿಸಿಯೇ ಇರದ ಮಾತು ಬಂತು: "ಸಾರಿನಲ್ಲಿ ಬೆಂದ ಕತ್ತಿನ ಮೂಳೆ ಇದೆಯಲ್ಲ, ಅದನ್ನು ಏನು ಮಾಡುತ್ತೀರಿ?" ರುಚಿಯೆಲ್ಲ ಸಾರಿಗೆ ಇಳಿದುಹೋಗಿದೆ ಎಂದರೂ ಕೇಳಲಿಲ್ಲ. ನಾಲ್ಕು ಮೂಳೆ ತರಿಸಿಕೊಂಡು, ಉಪ್ಪು ಮೆಣಸು ಉದುರಿಸಿ, ಸಂದಿಯಲ್ಲಿದ್ದ ಮಾಂಸವನ್ನೆಲ್ಲ ಬಿಡಿಸಿ ತಿಂದರು. ನನ್ನ ಕಣ್ಣು ತುಂಬಿತು. ಸೊಸೆಯಂದಿರು, ಮೊಮ್ಮಗಳು ಎಲ್ಲರೂ ಎದ್ದು ಹೋದ ಮೇಲೂ ಅವರ ಊಟ ಮುಗಿದಿರಲಿಲ್ಲ. ವಾಸನೆಗೆ ಮೂಗು ಮುಚ್ಚಿಕೊಳ್ಳುವ ಮೊಮ್ಮಗಳು ಖೀಮಾ ಮಾತ್ರ ತಿಂದಳು. ಅಷ್ಟಾದರೂ ಆಯಿತಲ್ಲ ಎಂದು ನನಗೆ ಸಂತೋಷ.

ಮರುದಿನ ಬೆಳಿಗ್ಗೆ ಫ್ರಿಜ್‌ನಲ್ಲಿದ್ದ ಸಾರು ಗಡ್ಡೆಕಟ್ಟಿ ನಿಂತಿತ್ತು. ಮೇಲಿನ ಬಿಳಿ ಕೊಬ್ಬಿನ ಪದರವನ್ನು ಎತ್ತಿ ಬೇರೆ ಡಬ್ಬಿಗೆ ಹಾಕಿದೆ, ಈರುಳ್ಳಿ ಹುರಿಯಲು ಬರುತ್ತದೆ. ಉಳಿದ ಭುಜವನ್ನು ಅದರದೇ ರಸದಲ್ಲಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿದೆ. ರಾತ್ರಿ ಕಳೆದ ಮೇಲೆ ಅದರ ರುಚಿ ಇನ್ನೂ ಹೆಚ್ಚುತ್ತದೆ. ಮುಂಗಾಲಿನ ಕೆಳತುಂಡನ್ನು ಅಕ್ಕ ತನ್ನ ಮನೆಗೆ ಒಯ್ದಿದ್ದಳು. ಹನ್ನೊಂದರ ಹೊತ್ತಿಗೆ ಅವಳ ಫೋನ್ ಬಂತು.

"ಒಂದೂವರೆ ಗಂಟೆ ಆಯಿತು ಕಣೇ, ಕಲ್ಲಿನ ಹಾಗಿದೆ."

"ಮುಚ್ಚಳ ಮುಚ್ಚು ಅಕ್ಕ."

"ಮುಚ್ಚಿಯಾಯಿತು" ಎಂದಳು. "ರಸ ಸ್ವಲ್ಪ ಕಡಿಮೆ ಅನ್ನಿಸುತ್ತಿದೆ, ಇನ್ನೊಂದು ಸೌಟು ಹಾಕಲೇ, ಅದನ್ನು ಹೇಳು."